ಪೇಟೆಂಟ್ ಸುಧಾರಣೆ: ಆಕ್ಷೇಪದ ಬಾಗಿಲು ಕಿರಿದಾಗದಿರಲಿ

ತಡವಳ: ಪೇಟೆಂಟ್ ಎಂದ ಕೂಡಲೇ ಅದು ಮುಂಬೈ, ದಿಲ್ಲಿಯ ವಕೀಲರ ವಿಷಯ ಎಂದು ನಮ್ಮ ಗಡಿಭಾಗದವರು ಸುಮ್ಮನಾಗುತ್ತಾರೆ. ಆದರೆ ಅಕ್ಕಲಕೋಟ, ಸೊಲ್ಲಾಪುರದ ಅಂಗಡಿಗಳಲ್ಲಿ ಹೊಸ ಔಷಧಿಯೊಂದು ಯಾವ ದರಕ್ಕೆ ಸಿಗಬೇಕು ಎಂಬುದರಲ್ಲಿ ಈ ಕಾಯ್ದೆಯ ಪಾಲು ದೊಡ್ಡದು.

1970ರ ಕಾಯ್ದೆಯಲ್ಲಿ ಔಷಧಿಗೆ ಪೇಟೆಂಟ್ ಇರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಅದೇ ಔಷಧಿಯನ್ನು ಬೇರೆ ವಿಧಾನದಲ್ಲಿ ತಯಾರಿಸಿ ನಮ್ಮ ಕಂಪನಿಗಳು ಅಗ್ಗಕ್ಕೆ ಕೊಟ್ಟವು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರ ಜನವರಿ 1ರಿಂದ ಔಷಧಿಗೇ ಪೇಟೆಂಟ್ ಬಂತು. ಅವಧಿ 20 ವರ್ಷ. ಆದರೆ ಅದೇ ವರ್ಷ ಸಂಸತ್ತು 3(ಡಿ) ಕಲಮನ್ನು ತಿದ್ದಿ ಬಿಗಿ ಮಾಡಿತು. ಹಳೆಯ ಔಷಧಿಯ ರೂಪವನ್ನು ತುಸು ಬದಲಿಸಿದರೆ ಸಾಲದು, ಅದರ ಗುಣ ಹೆಚ್ಚಿರಬೇಕು ಎಂಬುದು ಅದರ ಸಾರ. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧಿಯ ವಿಷಯದಲ್ಲಿ ನೊವಾರ್ಟಿಸ್ ಕಂಪನಿ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತದ್ದು ಈ ಕಲಮಿನಿಂದಲೇ.

ಕಲಮು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಎತ್ತಿ ತೋರಿಸುವವರೂ ಬೇಕು. ಅದಕ್ಕೆಂದೇ ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ಆಕ್ಷೇಪ ಸಲ್ಲಿಸುವ ಅವಕಾಶವಿದೆ. ಸಾಮಾನ್ಯ ಔಷಧಿಗೆ ಬಗ್ಗದ ಕ್ಷಯರೋಗಕ್ಕೆ ಕೊಡುವ ಬೆಡಾಕ್ವಿಲಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಮೂಲ ಪೇಟೆಂಟಿನ ಅವಧಿ 2023ರ ಜುಲೈಗೆ ಮುಗಿಯುವುದಿತ್ತು. ಅದೇ ಔಷಧಿಯ ಲವಣರೂಪಕ್ಕೆ ಇನ್ನೊಂದು ಪೇಟೆಂಟ್ ಪಡೆದು 2027ರವರೆಗೆ ಹಿಡಿತ ಉಳಿಸಿಕೊಳ್ಳಲು ಜಾನ್ಸನ್ ಅಂಡ್ ಜಾನ್ಸನ್ ಹೊರಟಿತ್ತು. ಕ್ಷಯದಿಂದ ಗುಣವಾದ ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ ಆಕ್ಷೇಪ ಸಲ್ಲಿಸಿದರು. ಹಳೆಯ ಚುಚ್ಚುಮದ್ದುಗಳ ದುಷ್ಪರಿಣಾಮದಿಂದ ಇಬ್ಬರೂ ಕಿವಿ ಕಳೆದುಕೊಂಡವರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ಸರಕಾರಿ ದವಾಖಾನೆಯಲ್ಲಿ ಈ ಗುಳಿಗೆ ರೋಗಿಗೆ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಅದನ್ನು ಕೊಳ್ಳುವ ಹಣ ಬೊಕ್ಕಸದ್ದೇ ಅಲ್ಲವೆ?

ಇಂಥ ಆಕ್ಷೇಪದ ದಾರಿಯನ್ನೇ 2024ರ ಮಾರ್ಚ್ 15ರ ಹೊಸ ನಿಯಮಗಳು ಇಕ್ಕಟ್ಟಾಗಿಸಿವೆ. ಹಿಂದೆ ಇಲ್ಲದ ಶುಲ್ಕ ಬಂದಿದೆ. ಆಕ್ಷೇಪ ವಿಚಾರಣೆಗೆ ಯೋಗ್ಯವೋ ಅಲ್ಲವೋ ಎಂದು ಅಧಿಕಾರಿ ಮೊದಲೇ ತೀರ್ಮಾನಿಸುತ್ತಾರೆ. ಪೇಟೆಂಟನ್ನು ದೇಶದಲ್ಲಿ ಬಳಸಲಾಗುತ್ತಿದೆಯೇ ಎಂಬ ವಿವರವನ್ನು ಕಂಪನಿಗಳು ಪ್ರತಿ ವರ್ಷದ ಬದಲು ಮೂರು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು.

ಸುಧಾರಣೆ ಬೇಕೆನ್ನುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಯಾರದೋ ಹೆಸರನ್ನು ಮುಂದಿಟ್ಟು, ಒಂದರ ಹಿಂದೊಂದು ಆಕ್ಷೇಪ ಹಾಕಿ ಅರ್ಜಿಗಳನ್ನು ವರ್ಷಗಟ್ಟಲೆ ಎಳೆದದ್ದುಂಟು. ಸಂಶೋಧನೆಗೆ ಹಣ ಹಾಕಿದವರಿಗೆ ಬೇಗ ನಿರ್ಣಯ ಸಿಗಬೇಕು. ಆದರೆ ಸುಳ್ಳು ಆಕ್ಷೇಪ ಹಾಕುವವರಿಗೆ ದಂಡ ವಿಧಿಸುವುದು ಒಂದು, ಎಲ್ಲರಿಗೂ ಬಾಗಿಲು ಕಿರಿದು ಮಾಡುವುದು ಇನ್ನೊಂದು. ಇಲಿಗೆ ಹೆದರಿ ಮನೆ ಸುಟ್ಟಂತಾಗಬಾರದು.

ಗಡಿಯವರಾದ ನಮಗೆ ಇನ್ನೊಂದು ತೊಡಕೂ ಇದೆ. ಪೇಟೆಂಟ್ ಕಚೇರಿಯ ಕಾಗದಪತ್ರ ಇಂಗ್ಲಿಷ್ ಇಲ್ಲವೆ ಹಿಂದಿಯಲ್ಲೇ ಇರಬೇಕೆಂಬುದು ನಿಯಮ. ಮನೆಯ ಕನ್ನಡವೂ ಕಚೇರಿಯ ಮರಾಠಿಯೂ ಅಲ್ಲಿ ನಡೆಯುವುದಿಲ್ಲ. ಯಾರು ಬೇಕಾದರೂ ಆಕ್ಷೇಪಿಸಬಹುದು ಎಂಬ ಮಾತು ನಿಜವಾಗಬೇಕಾದರೆ ರೋಗಿಗಳಿಗೂ ಅವರ ಸಂಘಗಳಿಗೂ ಶುಲ್ಕ ಮನ್ನಾ ಆಗಬೇಕು, ರಾಜ್ಯ ಭಾಷೆಗಳಲ್ಲಿ ಬರೆದುಕೊಟ್ಟರೂ ಸ್ವೀಕರಿಸಬೇಕು. ನಮ್ಮ ಸಂಸದರು, ಅವರು ಯಾವ ಪಕ್ಷದವರೇ ಇರಲಿ, ದಿಲ್ಲಿಯಲ್ಲಿ ಇದನ್ನು ಎತ್ತಲಿ.