ವಿಮಾನ ಕಟ್ಟೋಕೆ ಮೊದಲು ಹೊಲಿಗೆ ಕಲೀಬೇಕು



ವಿಮಾನ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ದೊಡ್ಡ ಕಾರ್ಖಾನೆ, ಟೈ ಕಟ್ಟಿದ ಎಂಜಿನಿಯರುಗಳು, ಕೋಟಿಗಟ್ಟಲೆ ಹಣ. ಬೆಂಗಳೂರಿನ ಎಚ್.ಎ.ಎಲ್.ನಂಥ ಕಡೆ ಮಾತ್ರ ಅದು ಹುಟ್ಟುತ್ತೆ ಅಂತ ನಾವು ನಂಬಿಬಿಟ್ಟಿದ್ದೇವೆ. ಆದರೆ ಮನೆಯ ಕಾರ್ ಶೆಡ್ಡಿನಲ್ಲಿ, ಹಿತ್ತಲ ಕೊಟ್ಟಿಗೆಯಲ್ಲಿ ತಾವೇ ವಿಮಾನ ಕಟ್ಟಿ ತಾವೇ ಹಾರಿಸಿದವರು ಪ್ರಪಂಚದಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಮೇಷ್ಟ್ರುಗಳಿದ್ದಾರೆ, ರೈತರಿದ್ದಾರೆ, ಡಾಕ್ಟರುಗಳಿದ್ದಾರೆ. ಶುರು ಮಾಡುವಾಗ ಇವರಲ್ಲಿ ಹೆಚ್ಚಿನವರಿಗೆ ನೆಟ್ಟಗೆ ಒಂದು ಹಲಗೆ ಕೊಯ್ಯೋಕೂ ಬರುತ್ತಿರಲಿಲ್ಲ. ಕಟ್ಟುತ್ತಾ ಕಟ್ಟುತ್ತಾ ಕಲಿತರು. ನನ್ನ ಅಭಿಪ್ರಾಯವೂ ಈ ಕಲಿಯುವ ವಿಷಯಕ್ಕೇ ಸಂಬಂಧಿಸಿದ್ದು. ನಮ್ಮ ಶಾಲೆಯ ಕ್ರಾಫ್ಟ್ ಪೀರಿಯಡ್ಡಿಗೂ ಇದಕ್ಕೂ ಏನು ಸಂಬಂಧ ಅಂತ ಮುಂದೆ ಹೇಳ್ತೀನಿ, ಸ್ವಲ್ಪ ತಾಳ್ಮೆ ಇರಲಿ.

ರೈಟ್ ಸೋದರರ ಪಾಠ ನಾವೆಲ್ಲ ಓದಿದ್ದೇವೆ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿಹಾಕ್ ಹತ್ತಿರದ ಮರಳು ದಿನ್ನೆಯಲ್ಲಿ ಮೊದಲ ಸಲ 12 ಸೆಕೆಂಡು, 120 ಅಡಿ ಹಾರಿದರು. ಪರೀಕ್ಷೆಗೆ ಇಷ್ಟು ಬರೆದರೆ ಮಾರ್ಕ್ಸ್ ಸಿಗುತ್ತೆ. ಆದರೆ ಪಾಠದಲ್ಲಿ ಇಲ್ಲದ್ದೇ ರುಚಿಯಾದದ್ದು. ಅವರದ್ದು ಸೈಕಲ್ ಅಂಗಡಿ. ಇಬ್ಬರ ಕೈಯಲ್ಲೂ ಹೈಸ್ಕೂಲಿನ ಸರ್ಟಿಫಿಕೇಟ್ ಇರಲಿಲ್ಲ. (ಇದನ್ನು ಓದಿ ಯಾರೂ ಕುಣಿಯಬೇಡಿ. 1899ರಲ್ಲೇ ವಿಲ್ಬರ್ ದೊಡ್ಡ ಸಂಸ್ಥೆಯೊಂದಕ್ಕೆ ಕಾಗದ ಬರೆದು ಹಾರಾಟದ ಬಗ್ಗೆ ಇರೋ ಬರಹಗಳನ್ನು ಕೇಳಿ ತರಿಸಿಕೊಂಡು ಓದಿದ್ದ. ನಾವು ಗೈಡು ಬಿಟ್ಟು ಬೇರೇನು ಓದಿದ್ದೇವೆ?) 1900ರಲ್ಲಿ ಮೊದಲ ದೊಡ್ಡ ಗ್ಲೈಡರ್ ಕಟ್ಟೋಕೆ ಹೊರಟಾಗ ಅವರಿಗೆ 18 ಅಡಿಯ ಮರ ಬೇಕಿತ್ತು, ಸಿಕ್ಕಿದ್ದು 16 ಅಡಿಯದು. ಮರ ಗಿಡ್ಡವಾಯಿತು, ಹೊಲಿದಿಟ್ಟ ಬಟ್ಟೆ ಉದ್ದವಾಯಿತು. ವಿಲ್ಬರ್ ಏನು ಮಾಡಿದ ಗೊತ್ತೇ? ಆ ಊರಲ್ಲಿ ಅಂಚೆ ಕೆಲಸ ನೋಡುತ್ತಿದ್ದ ಟೇಟ್ ದಂಪತಿಗಳ ಮನೆಯ ಹೊಲಿಗೆ ಮಿಷನ್ ಕೇಳಿ, ಅದರ ಮುಂದೆ ಕೂತು ರೆಕ್ಕೆಯ ಬಟ್ಟೆಯನ್ನು ತಾನೇ ಕತ್ತರಿಸಿ ಮತ್ತೆ ಹೊಲಿದ. ಪ್ರಯೋಗ ಮುಗಿದ ಮೇಲೆ ಆ ಗ್ಲೈಡರನ್ನು ಅಲ್ಲೇ ಬಿಟ್ಟು ಹೋದರು. ಟೇಟ್ ಅಮ್ಮನವರು ರೆಕ್ಕೆಯ ಬಟ್ಟೆ ಬಿಚ್ಚಿ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಲಂಗ ಹೊಲಿದರು. ಪ್ರಪಂಚದಲ್ಲಿ ವಿಮಾನದ ರೆಕ್ಕೆ ಉಟ್ಟುಕೊಂಡು ಓಡಾಡಿದ ಹುಡುಗಿಯರು ಅಂದರೆ ಇವರೇ ಇರಬೇಕು!

ನಮ್ಮಲ್ಲಿ ಕ್ರಾಫ್ಟ್ ಪೀರಿಯಡ್ ಬಂದರೆ ಸೂಜಿ ದಾರ ಹುಡುಗಿಯರಿಗೆ, ಗುದ್ದಲಿ ಸುತ್ತಿಗೆ ಹುಡುಗರಿಗೆ. ವಿಲ್ಬರ್ ರೈಟ್‌ಗೆ ಹೊಲಿಗೆ ಬರದೇ ಇದ್ದಿದ್ದರೆ ಆ ವರ್ಷದ ಪ್ರಯೋಗ ಅಲ್ಲಿಗೇ ನಿಲ್ಲುತ್ತಿತ್ತು. ಹುಡುಗರು ಸೂಜಿ ಹಿಡಿದರೆ ನಗೋರು ಇದನ್ನು ಎರಡು ಸಲ ಓದಿ. ಹಾಗೇ ನಮ್ಮ ಕೈಗೂ ಉಳಿ, ಗರಗಸ ಕೊಟ್ಟು ನೋಡಿ, ಕೈ ಮುರಿಯೋದಿಲ್ಲ.

ಅವರು ಗಾಳಿಯ ಲೆಕ್ಕ ಕಲಿತದ್ದೂ ಹೀಗೇ. ಪುಸ್ತಕದಲ್ಲಿದ್ದ ಅಂಕಿಗಳ ಪ್ರಕಾರ ರೆಕ್ಕೆ ಮಾಡಿದರೆ ಹೇಳಿದಷ್ಟು ಎತ್ತುತ್ತಿರಲಿಲ್ಲ. 1901ರಲ್ಲಿ ಆರಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ತುದಿಗೆ ಫ್ಯಾನ್ ಕೂರಿಸಿ, ಒಳಗೆ ಪುಟ್ಟ ಪುಟ್ಟ ರೆಕ್ಕೆಗಳನ್ನಿಟ್ಟು ಅಳೆದರು. ಸುಮಾರು 200 ಆಕಾರಗಳು! ಅಳೆಯುವ ತಕ್ಕಡಿ ಯಾವುದರಿಂದ ಮಾಡಿದ್ದು? ಹಳೇ ಗರಗಸದ ಬ್ಲೇಡು, ಸೈಕಲ್ ಕಡ್ಡಿ. ಎಂಜಿನ್ ಯಾರೂ ಮಾಡಿಕೊಡದೇ ಇದ್ದಾಗ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಸುಮಾರು ಆರು ವಾರದಲ್ಲಿ ಒಂದನ್ನು ಮಾಡಿದ, ಹನ್ನೆರಡು ಕುದುರೆ ಶಕ್ತಿಯದು.

ಇದೆಲ್ಲ ಹಳೇ ಕಥೆ, ಈಗ ಯಾರು ಹಂಗೆ ಮಾಡ್ತಾರೆ ಅಂತ ಕೇಳಬಹುದು. ಈಗಲೂ ಮಾಡ್ತಾರೆ. ಅಮೆರಿಕದ ಮಿನ್ನೆಸೋಟಾದ ಬರ್ನಾರ್ಡ್ ಪೀಟನ್‌ಪೋಲ್ ಅನ್ನುವವರು 1929ರಲ್ಲಿ ಫೋರ್ಡ್ ಕಾರಿನ ಎಂಜಿನ್ ಹಾಕಿ ಎರಡು ಸೀಟಿನ ಮರದ ವಿಮಾನ ಮಾಡಿದರು. ಅದರ ನಕ್ಷೆ ಇಟ್ಟುಕೊಂಡು ಇವತ್ತಿಗೂ ಜನ ಅದನ್ನು ಕಟ್ಟುತ್ತಿದ್ದಾರೆ. 1953ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪಾಲ್ ಪೊಬೆರೆಜ್ನಿ ಅನ್ನುವವರು ಇಂಥವರದ್ದೇ ಒಂದು ಸಂಘ ಕಟ್ಟಿದರು. 1970ರಿಂದ ಆಶ್‌ಕಾಶ್ ಅನ್ನೋ ಊರಲ್ಲಿ ಆ ಸಂಘದ ಜಾತ್ರೆ ನಡೆಯುತ್ತೆ. ನಮ್ಮೂರ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಬಂದ ಹಾಗೆ ಅಲ್ಲಿಗೆ ವಿಮಾನದಲ್ಲಿ ಬಂದು, ರೆಕ್ಕೆಯ ಕೆಳಗೆ ಡೇರೆ ಹಾಕಿ ಮಲಗುತ್ತಾರೆ.

ಮರದ ರೆಕ್ಕೆ ಕಟ್ಟೋ ಬಗೆ ಕೇಳಿ. ರೆಕ್ಕೆಯೊಳಗೆ ಪಕ್ಕೆಲುಬಿನಂಥ ಚೌಕಟ್ಟುಗಳು ಬೇಕು, ಒಂದೇ ಅಳತೆಯವು ಇಪ್ಪತ್ತೈದು ಮೂವತ್ತು. ಹಲಗೆಯ ಮೇಲೆ ಪೂರ್ಣ ಅಳತೆಯ ಚಿತ್ರ ಬರೆದು, ಗೆರೆಯ ಉದ್ದಕ್ಕೂ ಸಣ್ಣ ಮರದ ತುಂಡು ಹೊಡೆದು ಅಚ್ಚು ಮಾಡಿಕೊಳ್ಳಬೇಕು. ಬೆರಳಿಗಿಂತ ಸಣ್ಣ ಮರದ ಪಟ್ಟಿಗಳನ್ನು ಅದರಲ್ಲಿ ಬಗ್ಗಿಸಿ ಕೂರಿಸಿ, ಸೇರೋ ಕಡೆಯೆಲ್ಲ ತೆಳು ಪ್ಲೈವುಡ್ ತುಂಡು ಅಂಟಿಸಬೇಕು. ಈಗ ಮುಖ್ಯ ಮಾತು. ಪ್ರತಿ ಸಲ ಅಂಟು ಕಲಸಿದಾಗಲೂ ಬೇರೆ ಎರಡು ಚೂರು ಮರ ಅಂಟಿಸಿ ಇಡ್ತಾರೆ. ಒಣಗಿದ ಮೇಲೆ ಅದನ್ನು ಬೇಕಂತಲೇ ಮುರೀತಾರೆ. ಮರ ಸೀಳಿದರೆ ಅಂಟು ಒಳ್ಳೇದು. ಅಂಟಿಸಿದ ಜಾಗದಲ್ಲೇ ಬಿಟ್ಟುಕೊಂಡರೆ ಆ ಸಲ ಮಾಡಿದ ಕೆಲಸವನ್ನೆಲ್ಲ ಅನುಮಾನಿಸಬೇಕು. ನೋಡಿ, ಇದೂ ಪರೀಕ್ಷೆಯೇ! ಆದರೆ ಇಲ್ಲಿ ಬಾಯಿಪಾಠ ನಡೆಯೋದಿಲ್ಲ, ಪಕ್ಕದವರದ್ದು ನೋಡಿ ಬರೆಯೋಕೂ ಆಗೋದಿಲ್ಲ.

ಆಮೇಲೆ ಬಟ್ಟೆ ಹೊದಿಸಬೇಕು. ಮೇಣದ ದಾರದಲ್ಲಿ ಒಂದೊಂದು ಪಕ್ಕೆಲುಬಿಗೂ ಗಂಟು ಹಾಕಿ ಬಿಗಿಯಬೇಕು. ಈಗಿನ ಪಾಲಿಯೆಸ್ಟರ್ ಬಟ್ಟೆಯಾದರೆ ಇಸ್ತ್ರಿಪೆಟ್ಟಿಗೆ ಆಡಿಸಿ ತಮಟೆಯ ಹಾಗೆ ಬಿಗಿ ಮಾಡ್ತಾರೆ. ಅಲ್ಯೂಮಿನಿಯಂ ವಿಮಾನವಾದರೆ ರಿವೆಟ್ ಕೆಲಸ. ಒಬ್ಬರು ಈ ಕಡೆಯಿಂದ ಹೊಡೆದರೆ ಇನ್ನೊಬ್ಬರು ಆ ಕಡೆ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಇಂಥವು ಒಂದು ವಿಮಾನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಬೇಕಾಗುತ್ತೆ. ಗಂಡ ಹೊಡೆಯೋದು ಹೆಂಡತಿ ಹಿಡಿಯೋದು, ಅಪ್ಪ ಹೊಡೆಯೋದು ಮಗಳು ಹಿಡಿಯೋದು. ಎರಡು ಮೂರು ಸಾವಿರ ಗಂಟೆ ಕೆಲಸ ಆದರೂ ಆಶ್ಚರ್ಯವಿಲ್ಲ, ಅರ್ಧಕ್ಕೇ ಬೇಜಾರಾಗಿ ಮಾರಿಬಿಡೋರೂ ಇದ್ದಾರೆ. ಬರ್ಟ್ ರುಟಾನ್ ಎಂಬ ವಿನ್ಯಾಸಕಾರರು 1970ರ ದಶಕದಲ್ಲಿ ಇನ್ನೊಂದು ದಾರಿ ತೋರಿಸಿದರು. ಥರ್ಮೋಕೋಲಿನಂಥ ಫೋಮನ್ನು ಕಾದ ತಂತಿಯಿಂದ ಕೊಯ್ದು, ಮೇಲೆ ಗಾಜಿನ ಎಳೆಯ ಬಟ್ಟೆ ಹಾಕಿ ಅಂಟು ಬಳಿಯೋದು. ಬೆಂಗಳೂರಿನ ಎನ್.ಎ.ಎಲ್. ವಿಜ್ಞಾನಿಗಳು ಅವರ ಲಾಂಗ್-ಈಜಿ ಮಾದರಿಯ ಆಧಾರದ ಮೇಲೇ ಒಂದು ಹಗುರ ವಿಮಾನ ಕಟ್ಟಿ 1987ರಲ್ಲಿ ಹಾರಿಸಿದರು. ಆಮೇಲೆ 1993ರಲ್ಲಿ ಅವರದ್ದೇ 'ಹಂಸ' ಹಾರಿತು. ದೊಡ್ಡ ಸಂಸ್ಥೆಯೂ ಮನೆಯಲ್ಲಿ ಕಟ್ಟೋರ ವಿಮಾನದಿಂದ ಕಲಿಯಿತು ಅಂದಹಾಗಾಯಿತು.

ಗಣಿತದ ಮೇಷ್ಟ್ರು ಬೇಸರ ಮಾಡಿಕೊಳ್ಳಬಾರದು, ಅವರ ವಿಷಯವೂ ಇದೆ. ಕಟ್ಟಿದ ವಿಮಾನ ಹಾರೋಕೆ ಮೊದಲು ಪ್ರತಿ ಚಕ್ರದ ಕೆಳಗೂ ತೂಕದ ಯಂತ್ರ ಇಟ್ಟು ತೂಗುತ್ತಾರೆ. ಉದಾಹರಣೆಗೆ, ಮೂತಿಯಿಂದ 100 ಸೆಂ.ಮೀ. ದೂರದ ಎರಡು ಮುಂದಿನ ಚಕ್ರಗಳ ಮೇಲೆ ಒಟ್ಟು 285 ಕೆ.ಜಿ., 500 ಸೆಂ.ಮೀ. ದೂರದ ಬಾಲದ ಚಕ್ರದ ಮೇಲೆ 15 ಕೆ.ಜಿ. ಇದೆ ಅನ್ನಿ. 285×100 ಮತ್ತು 15×500 ಕೂಡಿದರೆ 36,000. ಅದನ್ನು ಒಟ್ಟು ತೂಕ 300ರಿಂದ ಭಾಗಿಸಿದರೆ 120. ಅಂದರೆ ಗುರುತ್ವಕೇಂದ್ರ ಮೂತಿಯಿಂದ 120 ಸೆಂ.ಮೀ. ಹಿಂದಿದೆ. ಇದು ನಕ್ಷೆಯಲ್ಲಿ ಹೇಳಿದ ಮಿತಿಗಿಂತ ಹಿಂದೆ ಹೋದರೆ ವಿಮಾನ ಹಿಡಿತಕ್ಕೆ ಸಿಗೋದಿಲ್ಲ. 'ಇದೆಲ್ಲ ಮುಂದೆ ಯಾತಕ್ಕೆ ಬರುತ್ತೆ ಸಾರ್' ಅಂತ ಕೇಳೋರಿಗೆ ಉತ್ತರ ಸಿಕ್ಕಿತಲ್ಲ.

ಇನ್ನೊಂದು ಮುಖವನ್ನೂ ಹೇಳದೇ ಇದ್ದರೆ ತಪ್ಪಾಗುತ್ತೆ. ಫ್ರಾನ್ಸ್ ದೇಶದ ಹೆನ್ರಿ ಮಿನ್ಯೆ 1933ರಲ್ಲಿ ಒಂದು ಪುಟಾಣಿ ವಿಮಾನ ಹಾರಿಸಿ, 1934ರಲ್ಲಿ ಅದನ್ನು ಕಟ್ಟೋದು ಹೇಗೆ ಅಂತ ಪುಸ್ತಕ ಬರೆದರು. ಅವರಿಟ್ಟ ಹೆಸರಿನ ಅರ್ಥ 'ಆಕಾಶದ ಹೇನು'. ಫ್ರಾನ್ಸು, ಇಂಗ್ಲೆಂಡುಗಳಲ್ಲಿ ಜನ ಮುಗಿಬಿದ್ದು ಕಟ್ಟಿದರು. 1935, 36ರಲ್ಲಿ ಒಬ್ಬೊಬ್ಬರಾಗಿ ಬಿದ್ದು ಸತ್ತರು. ದೊಡ್ಡ ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದಾಗ ಕಾರಣ ತಿಳಿಯಿತು. ಮೂತಿ ತೀರಾ ಕೆಳಗಾದರೆ ಮುಂದಿನ ರೆಕ್ಕೆ ಹಿಂದಿನ ರೆಕ್ಕೆ ಒಂದಕ್ಕೊಂದು ಅಡ್ಡಿಯಾಗಿ, ಮತ್ತೆ ಮೇಲೆತ್ತೋಕೆ ಆಗುತ್ತಿರಲಿಲ್ಲ. ನಮ್ಮ ದೇಶದಲ್ಲೂ 2021ರಲ್ಲಿ ಮಹಾರಾಷ್ಟ್ರದ ಹಳ್ಳಿಯೊಂದರಲ್ಲಿ ತಾನೇ ಹೆಲಿಕಾಪ್ಟರ್ ಕಟ್ಟಿದ ಯುವ ಮೆಕ್ಯಾನಿಕ್ ಪರೀಕ್ಷೆ ಮಾಡುವಾಗ ಅದರ ರೆಕ್ಕೆ ಬಡಿದು ತೀರಿಕೊಂಡ. ಅವನಿಗೆ ಕೈಕೆಲಸ ಬರುತ್ತಿತ್ತು. 'ನಿಲ್ಲಪ್ಪ, ಇದನ್ನು ಒಂದ್ಸಲ ತೋರಿಸೋಣ' ಅಂತ ಹೇಳೋ ಬಲ್ಲವರು ಹತ್ತಿರ ಇದ್ದಿದ್ದರೆ ಅಂತ ನನಗೆ ಅನ್ನಿಸುತ್ತೆ. ಆಶ್‌ಕಾಶ್ ಸಂಘದಲ್ಲಿ ಅನುಭವಸ್ಥರು ದುಡ್ಡಿಲ್ಲದೆ ಬಂದು ಕೆಲಸ ನೋಡಿ ತಪ್ಪು ತೋರಿಸಿಕೊಡ್ತಾರೆ. ಸರ್ಕಾರದವರು ತನಿಖೆ ಮಾಡ್ತಾರೆ. ಆಮೇಲೂ ಸಾಮಾನ್ಯವಾಗಿ ಮೊದಲ 25ರಿಂದ 40 ಗಂಟೆ ಜನ ಕಡಿಮೆ ಇರೋ ಕಡೆಯೇ ಹಾರಿಸಬೇಕು. ನಮ್ಮಲ್ಲೂ ವಿಮಾನಯಾನ ಇಲಾಖೆಯ ಒಪ್ಪಿಗೆ ಬೇಕೇ ಬೇಕು. ಮುಂಬೈಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. ವರ್ಷಗಟ್ಟಲೆ ಓಡಾಡಿದ ಮೇಲೆ 2017ರಲ್ಲಿ ಅದಕ್ಕೆ ನೋಂದಣಿ ಸಿಕ್ಕಿತು.

ಅಮೆರಿಕದ ಕಾನೂನಿನಲ್ಲಿ ಒಂದು ಸ್ವಾರಸ್ಯ ಇದೆ. ಇಂಥ ವಿಮಾನದ ಹೆಚ್ಚಿನ ಭಾಗವನ್ನು ತಾವೇ ಕಟ್ಟಿರಬೇಕು, ಅದೂ ಸ್ವಂತ ಕಲಿಕೆಗೆ ಅಥವಾ ಮನರಂಜನೆಗೆ ಅಂತ. ಕೈಯಿಂದ ಕಟ್ಟೋದನ್ನು ಅವರ ಸರ್ಕಾರವೇ ವಿದ್ಯಾಭ್ಯಾಸ ಅಂತ ಒಪ್ಪಿಕೊಂಡಿದೆ. ನಮ್ಮಲ್ಲಿ? ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗೋದು ಕ್ರಾಫ್ಟ್ ಪೀರಿಯಡ್ಡು. ಹತ್ತನೇ ಕ್ಲಾಸಿಗೆ ಹೋದರೆ ಅದರ ಹೆಸರೇ ಇಲ್ಲ. 'ಓದು ಹತ್ತದಿದ್ದರೆ ಬಡಗಿ ಕೆಲಸಕ್ಕೆ ಹೋಗು' ಅಂತ ದೊಡ್ಡವರು ಬೈತಾರೆ. ನಮ್ಮ ತರಗತಿಯಲ್ಲೇ ಅಪ್ಪನ ಜೊತೆ ಹೋಗಿ ಮೂಲೆಮಟ್ಟ ಹಿಡಿದು ಬಾಗಿಲು ಕೂರಿಸೋ ಹುಡುಗರಿದ್ದಾರೆ. ಅವರು ಕೂರೋದು ಕೊನೇ ಬೆಂಚಿನಲ್ಲಿ. ವಿಮಾನ ಕಟ್ಟೋ ಶೆಡ್ಡಿಗೆ ಬಂದರೆ ಮೊದಲ ಬೆಂಚಿನ ನಾವು ಅವರನ್ನು 'ಅಣ್ಣಾ ಹೇಳ್ಕೊಡಪ್ಪಾ' ಅಂತ ಕೇಳಬೇಕಾಗುತ್ತೆ.

ವಿಮಾನ ಕಟ್ಟೋಣ ಅಂತ ನಾನು ಹೇಳ್ತಾ ಇಲ್ಲ, ಹೆಡ್‌ಮೇಷ್ಟ್ರು ಹೆದರಬೇಕಾಗಿಲ್ಲ. ಒಂದೇ ಒಂದು ರೆಕ್ಕೆಯ ಪಕ್ಕೆಲುಬು ಮಾಡೋಣ, ಮೂರು ಅಡಿ ಉದ್ದದ್ದು. ಬಿದಿರಿನ ಸೀಳು, ಪ್ಲೈವುಡ್ ಚೂರು, ಅಂಟು ಸಾಕು. ಶನಿವಾರದ ಕೊನೇ ಪೀರಿಯಡ್ಡನ್ನು ಮಾರ್ಚಿಯವರೆಗೆ ಯಾರೂ ಕಿತ್ತುಕೊಳ್ಳಬಾರದು. ಊರಿನ ಬಡಗಿಯವರನ್ನು, ಬಸ್ ಸ್ಟ್ಯಾಂಡ್ ಹತ್ತಿರದ ಟೈಲರ್ ಅಂಕಲ್‌ನ ಎರಡು ವಾರ ಕರೆಸಿ, ಅವರಿಗೆ ಕುರ್ಚಿ ಹಾಕಿ ಪಾಠ ಹೇಳಿಸಿಕೊಳ್ಳೋಣ. ಗುಂಪುಗಳಲ್ಲಿ ಹುಡುಗರೂ ಹುಡುಗಿಯರೂ ಕೂಡಿಯೇ ಇರಬೇಕು. ಎಲ್ಲ ಗುಂಪಿನದ್ದೂ ಮುಗಿದ ಮೇಲೆ ಪಕ್ಕೆಲುಬನ್ನು ಎರಡು ಬೆಂಚಿನ ನಡುವೆ ಇಟ್ಟು, ಮರಳಿನ ಚೀಲ ಒಂದೊಂದಾಗಿ ತೂಗಿಸಿ ಎಷ್ಟು ಕೆ.ಜಿ.ಗೆ ಮುರಿಯುತ್ತೆ, ಮುರಿದದ್ದು ಬಿದಿರೋ ಅಂಟೋ ಅಂತ ಎಲ್ಲರ ಮುಂದೆ ನೋಡೋಣ.

ಒಪ್ಪದವರು ಕೆಳಗೆ ಬಿಟ್ಟಿರೋ ಖಾಲಿ ಜಾಗದಲ್ಲಿ ಬರೆಯಿರಿ. ಸೇರೋರು ಸೋಮವಾರದೊಳಗೆ ಕ್ಲಾಸ್ ಲೀಡರ್ ಹತ್ತಿರ ಹೆಸರು ಕೊಡಿ. ಬಿದಿರು ನಮ್ಮ ತೋಟದಲ್ಲಿದೆ, ಅಪ್ಪನ್ನ ಕೇಳಿದ್ದೀನಿ, ಎರಡು ಗಳ ಕೊಡ್ತಾರಂತೆ.

— ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ