ಕೀಲಿಕೈ ಪಡೆಯುವ ಮುನ್ನ

ಗೃಹಪ್ರವೇಶ ಹತ್ತಿರವಾದಷ್ಟೂ ಗುತ್ತಿಗೆದಾರನ ಮಾತು ಸಿಹಿಯಾಗುತ್ತದೆ. ಗೋಡೆಯ ಬಿರುಕನ್ನು ತೋರಿಸಿದರೆ "ಬಣ್ಣ ಹೊಡೆದರೆ ಮುಚ್ಚಿಹೋಗುತ್ತದೆ ಸ್ವಾಮಿ" ಎನ್ನುತ್ತಾನೆ. ಮೊದಲ ಮಳೆಗೆ ಅದು ಬಾಯಿಬಿಡುವಾಗ ಆತ ಬೇರೆ ಬಡಾವಣೆಯಲ್ಲಿರುತ್ತಾನೆ!

ಬಟ್ಟೆಯಲ್ಲಿ ಎಳೆ ತಪ್ಪಿದರೆ ನಮ್ಮ ಕೂಲಿಗೆ ಕತ್ತರಿ. ತೂಕದಲ್ಲಿ ನೂರು ಗ್ರಾಂ ಕಡಿಮೆಯಾದರೆ ಅಂಗಡಿಯವನಿಗೆ ದಂಡ. ಇಪ್ಪತ್ತು ವರ್ಷದ ಸಾಲ ಹೊತ್ತು ಕೊಂಡ ಮನೆ ಸೋರಿದರೆ ಮಾತ್ರ ನಾವು ಹೊಂದಿಕೊಳ್ಳಬೇಕೇ? ಗಾರೆಯವನನ್ನು ನಾವು ದೂರುವುದಿಲ್ಲ. ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕೆಂದು ಅವನಿಗೆ ಗೊತ್ತು; ಎರಡೇ ದಿನಕ್ಕೆ ಅವನನ್ನು ಮುಂದಿನ ಕೆಲಸಕ್ಕೆ ಓಡಿಸುವವರು ಬೇರೆ.

2016ರ ರೇರಾ ಕಾಯಿದೆಯ 14ನೆಯ ಕಲಮಿನಂತೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ದೋಷ ತಿಳಿಸಿದರೆ 30 ದಿನದಲ್ಲಿ ಪುಕ್ಕಟೆಯಾಗಿ ತಿದ್ದಿಕೊಡಬೇಕು. ಆದರೆ ಅದೇ ಕಾಯಿದೆಯ 3ನೆಯ ಕಲಮು 500 ಚದರ ಮೀಟರ್ ಮೀರದ ಜಾಗವನ್ನೂ 8 ಮನೆ ಮೀರದ ಕಟ್ಟಡವನ್ನೂ ನೋಂದಣಿಯಿಂದಲೇ ಬಿಟ್ಟಿದೆ. ನಮ್ಮಂಥವರು ಕೊಳ್ಳುವುದು ಇಂಥದ್ದನ್ನೇ ಅಲ್ಲವೇ? ಗ್ರಾಹಕರ ಆಯೋಗವಿದೆ, ನಿಜ. ಅಲ್ಲಿಗೆ ಅಲೆಯಲು ಎಷ್ಟು ದಿನದ ಕೂಲಿ ಬಿಡಬೇಕು? ಈ ವಿನಾಯಿತಿ ರದ್ದಾಗಲೇಬೇಕೆಂದು ನಾವು ಒತ್ತಾಯಿಸುತ್ತೇವೆ.

ಅಲ್ಲಿಯತನಕ, ದೋಷ ತಿದ್ದಿದ ಮೇಲೆಯೇ ಕೊನೆಯ ಕಂತು ಎಂದು ಕರಾರಿನಲ್ಲೇ ಬರೆಸಿರಿ. ತಾರಸಿಯಲ್ಲಿ ಒಂದು ದಿನ ನೀರು ಕಟ್ಟಿ ಕೆಳಗಿನಿಂದ ನೋಡಿರಿ. ಗಿಲಾವನ್ನು ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿರಿ. ಬಚ್ಚಲಿಗೆ ಒಂದು ಬಿಂದಿಗೆ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆಂದು ನೋಡಿರಿ. ಅಕ್ಕಪಕ್ಕದ ಮನೆಯವರೊಡನೆ ಕೂಡಿ ಪಟ್ಟಿ ಬರೆದು, ಗುತ್ತಿಗೆದಾರನ ಸಹಿ ಪಡೆದ ಮೇಲೆಯೇ ಕೀಲಿಕೈಗೆ ಕೈಚಾಚಿರಿ.