ಹಕ್ಕಿ ನೋಡಿ, ಉಣುಗನ್ನೂ ನೋಡಿ

ಡಿಸೆಂಬರ್ ಬಂತೆಂದರೆ ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಕೊಯ್ಲಿನ ಗಡಿಬಿಡಿ. ಜೊತೆಗೆ ವಲಸೆ ಹಕ್ಕಿಗಳು. ಉತ್ತರದಿಂದ ಬಂದ ನವರಂಗ ತರಗೆಲೆ ಕೆದಕುತ್ತಿರುತ್ತದೆ, ಹೇಮಾವತಿಯ ದಂಡೆಯಲ್ಲಿ ಬೂದು ಸಿಪಿಲೆ ಬಾಲ ಕುಣಿಸುತ್ತದೆ. ಮಕ್ಕಳನ್ನು ಕರೆದೊಯ್ದು ತೋರಿಸಿ. ಕುಳಿತಲ್ಲೇ ಬೆಳೆಯುವ ಬೊಜ್ಜಿಗೆ ಇಷ್ಟು ಅಗ್ಗದ ಮದ್ದು ನನಗಂತೂ ಗೊತ್ತಿಲ್ಲ.

ಆದರೆ ಅದೇ ತರಗೆಲೆಯಲ್ಲಿ ಉಣುಗುಗಳೂ ಇರುತ್ತವೆ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ 2024ರಲ್ಲಿ ನೆರೆಯ ಚಿಕ್ಕಮಗಳೂರು ಜಿಲ್ಲೆಯನ್ನೂ ಕಾಡಿತು. ಇದರ ವೈರಸ್ಸಿಗೆ ರಷ್ಯಾದ ಮಿದುಳುಜ್ವರದ ವೈರಸ್ಸಿನ ನಂಟಿದ್ದುದರಿಂದ ವಲಸೆ ಹಕ್ಕಿಗಳೇ ತಂದವೆಂಬ ಅನುಮಾನ ಹುಟ್ಟಿತ್ತು. ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳಿಗೆ ಉಂಗುರ ತೊಡಿಸಿ ಅಧ್ಯಯನ ನಡೆಸಿದರು. ಆರೋಪ ಸಾಬೀತಾಗಲಿಲ್ಲ. ಹಕ್ಕಿಗೆ ಹೆದರಿ ಮನೆಯಲ್ಲಿ ಕೂರಬೇಡಿ.

ತುಂಬುತೋಳಿನ ಅಂಗಿ ತೊಡಿ, ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ. ತರಗೆಲೆಯ ಮೇಲೆ ಕೂರಬೇಡಿ (ಕ್ಯಾಮರಾದವರು ಮಲಗಿಯೇ ಬಿಡುತ್ತಾರೆ!). ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನವಾಗಲಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಮಂಗ ಸತ್ತು ಬಿದ್ದಿದ್ದರೆ ಅತ್ತ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತೋಟದ ಮಾಲೀಕರು ಈ ಮಾತನ್ನು ಕೊಯ್ಲಿನವರಿಗೂ ಹೇಳಬೇಕು. ಅತಿಥಿಗಳು ಒಂದು ಬೆಳಿಗ್ಗೆ ತಿರುಗಿ ಹೋಗುವ ಜಾಗದಲ್ಲಿ ಅವರು ದಿನವಿಡೀ ದುಡಿಯುತ್ತಾರೆ.

ವಾರದೊಳಗೆ ಚಳಿಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ನೀವಾಗಿಯೇ ಆಸ್ಪಿರಿನ್ ನುಂಗಬೇಡಿ. ಈ ಜ್ವರದಲ್ಲಿ ರಕ್ತಸ್ರಾವದ ಅಪಾಯವಿದೆ.